ಚಾಂದನಿ ತಿಂದ ಸೀತನಿ

ಬೀದರ ನಗರದ ಆ ಓಣಿಯವರಿಗೆ ಸಂಜೆಯ ನಾಲ್ಕು ಗಂಟೆಯನ್ನು ತಿಳಿಯಲು ಗಡಿಯಾರದ ಹಂಗಿರಲಿಲ್ಲ. ಶಾಲುಬಾಯಿಯ ಅಡುಗೆಮನೆಯ ಕಿಟಕಿಯಿಂದ ಕಾದ ಮರಳಿನಲ್ಲಿ ಹುರಿಯುವ ಶೇಂಗಾದ ಪರಿಮಳ ಹೊರಬಿದ್ದರೆ ನಾಲ್ಕಾಯಿತೆಂದು ಅರ್ಥ. ಮುಂಜಾನೆ ಬುದ್ಧಮೂರ್ತಿಯ ಮುಂದೆ ಮೇಣದಬತ್ತಿ ಹಚ್ಚಿ ವಂದನೆ ಹೇಳುವುದು ಆಕೆಗೆ ಎಂತಹ ತಪ್ಪದ ನೇಮವೋ, ಇಳಿಹೊತ್ತಿನಲ್ಲಿ ಮನೆಯವರ ಅಂಗೈಗೂ ಬಂದವರ ಅಂಗೈಗೂ ಒಂದು ಹಿಡಿ ತಿನಿಸು ನೀಡುವುದು ಅಂತಹದೇ ನೇಮವಾಗಿತ್ತು. ಆ ತಿನಿಸಿಗೆ ಎಣ್ಣೆಯ ಬಾಂಡಲಿ ಬೇಕಿರಲಿಲ್ಲ. ಅಂಗಡಿಯ ಚೀಟಿಯೂ ಬೇಕಿರಲಿಲ್ಲ. ಒಂದು ದಿನ ಶೇಂಗಾ ಮತ್ತು ಬೆಲ್ಲದ ತುಣುಕು, ಒಂದು ದಿನ ಮಲ್ಲಿಗೆಯಂತೆ ಅರಳಿದ ಜೋಳದ ಅಳ್ಳು, ಒಂದು ದಿನ ಗಿಡಸಮೇತ ಸುಟ್ಟ ಹಸಿಕಡಲೆ, ಚಳಿಗಾಲವಾದರೆ ಸಂತೆಯ ಬಾರಿಹಣ್ಣು, ಎಂದರೆ ಎಲಚಿ. ನೆಲ ಕೊಟ್ಟದ್ದನ್ನು ಹೆಚ್ಚು ಕೆಡಿಸದೆ ಬಾಯಿಗೆ ಮುಟ್ಟಿಸುವುದೇ ಅಡುಗೆಯ ಜಾಣತನವೆಂದು ಆಕೆ ನಂಬಿದ್ದಳು.

ಆ ಚಳಿಗಾಲದಲ್ಲಿ ಮಾತ್ರ ಆ ನೇಮಕ್ಕೆ ಒಂದು ಅಡ್ಡಿ ಒದಗಿತ್ತು. ಸೊಸೆ ಉಜ್ವಲಾಳಿಗೆ ಐದನೆಯ ತಿಂಗಳು ನಡೆದಿತ್ತು. ಬಸಿರಿನ ವಾಕರಿಕೆ ಮೂರಕ್ಕೇ ನಿಲ್ಲುವುದೆಂದು ಎಲ್ಲರೂ ಹೇಳಿದ್ದರೂ ಅವಳದು ನಿಂತಿರಲಿಲ್ಲ. ಒಂದು ಕಾಲಕ್ಕೆ ಬೇಕರಿಯ ಖಾರಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದವಳಿಗೆ ಈಗ ಪಕ್ಕದ ಮನೆಯ ಒಗ್ಗರಣೆಯ ವಾಸನೆ ಬಂದರೂ ಹೊಟ್ಟೆ ತೊಳಸುತ್ತಿತ್ತು. ರಕ್ತ ಕಡಿಮೆಯಿದೆ, ಗುಳಿಗೆಯ ಜೊತೆಗೆ ಸ್ವಲ್ಪ ಸ್ವಲ್ಪವಾದರೂ ಮೇಲಿಂದ ಮೇಲೆ ತಿನ್ನುತ್ತಿರಬೇಕು ಎಂದು ದವಾಖಾನೆಯ ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಗಂಡ ರತ್ನದೀಪ ಔರಾದದ ಪ್ರೌಢಶಾಲೆಯಲ್ಲಿ ಶಿಕ್ಷಕ. ಶನಿವಾರಕ್ಕೊಮ್ಮೆ ಮನೆಗೆ ಬರುವವನು. ಮಾವ ತೀರಿಕೊಂಡು ವರ್ಷಗಳಾಗಿದ್ದವು. ಹೀಗಾಗಿ ವಾರದ ದಿನಗಳಲ್ಲಿ ಮನೆಯಲ್ಲಿ ಇರುತ್ತಿದ್ದವರು ಅತ್ತೆ ಸೊಸೆ ಇಬ್ಬರೇ. ಅವರ ನಡುವೆ ಒಂದು ತಾಟು.

"ಎರಡೇ ಕಾಳ ತಿಂದಿ. ಎಣಿಸೀನಿ ನಾ," ಎಂದಳು ಶಾಲುಬಾಯಿ.

"ಸಾಕ್ರಿ ಅತ್ತಿ, ಹೊಟ್ಟಿ ತುಂಬ್ಯಾದ."

"ಗುಬ್ಬಿ ಬಂದು ಇದಕಿಂತ ಜಾಸ್ತಿ ತಿಂದು ಹೋಗ್ತದ. ನಿನ್ನ ಹೊಟ್ಟ್ಯಾಗ ಇರೋದು ಮನಷ್ಯಾರ ಕೂಸೋ, ಗುಬ್ಬಿ ಮರಿನೋ?"

ಉಜ್ವಲಾ ನಕ್ಕು ಇನ್ನೊಂದು ಕಾಳನ್ನು ಬಾಯಿಗೆ ಹಾಕಿಕೊಂಡಳು. ಅತ್ತೆಯ ಸಮಾಧಾನಕ್ಕಾಗಿ ಹಾಕಿಕೊಂಡದ್ದು, ಅತ್ತೆಗೆ ಗೊತ್ತಾಗದಂತೆ ಸೆರಗಿಗೆ ಬಂತು. ಶಾಲುಬಾಯಿ ಅದನ್ನೂ ಕಂಡಳು. ಕಂಡು ಬೈಯಲಿಲ್ಲ.

"ಇರ್ಲಿ. ಸೀತನಿ ಬರ್ಲಿ, ನೋಡೋಣ. ಸೀತನಿ ಮುಂದ ಇಟ್ರ ನೀ ಬ್ಯಾಡ ಅಂದ್ರೂ ನಿನ್ನ ಬಾಯಿ ಬೇಕಂತದ."

ಸೀತನಿಯೆಂದರೆ ಹಾಲು ತುಂಬಿದ ಎಳೆಜೋಳ. ತೆನೆಯಲ್ಲಿ ಕಾಳು ಕಟ್ಟಿ, ಇನ್ನೂ ಹಸಿರು ಬಿಡದೆ, ಉಗುರಿಗೆ ಮೆತ್ತಗೆ ಸಿಗುವ ಎಂಟು ಹತ್ತು ದಿನಗಳಲ್ಲಿ ಅದನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿಯಾಗಿರುವಾಗಲೇ ತಿನ್ನಬೇಕು. ಹನ್ನೊಂದನೆಯ ದಿನ ಅದು ಕೇವಲ ಜೋಳ. ಉಜ್ವಲಾ ಔರಾದ ಪಟ್ಟಣದಲ್ಲಿ ಹುಟ್ಟಿ ಬೆಳೆದವಳು. ಅವಳ ತಂದೆ ಕೈಲಾಶ ಅಲ್ಲಿಯ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು, ಹೊಲವಿರಲಿಲ್ಲ. ರೈತರಾರಾದರೂ ಪ್ರೀತಿಯಿಂದ ಡಬ್ಬಿಯಲ್ಲಿ ತಂದುಕೊಟ್ಟ ಸೀತನಿಯನ್ನು ಅವಳು ತಿಂದಿದ್ದಳು. ಆ ಹಸಿರು ಕಾಳುಗಳು ಡಬ್ಬಿಗೆ ಬರುವ ಮೊದಲು ಯಾವ ರೂಪದಲ್ಲಿ ಇರುತ್ತವೆಂಬುದನ್ನು ಅವಳು ಕಣ್ಣಾರೆ ಕಂಡಿರಲಿಲ್ಲ. ಮುಂದೆ ನಡೆದುದೆಲ್ಲ ಇಷ್ಟು ಸಣ್ಣ ತಿಳಿಯದಿರುವಿಕೆಯಿಂದ ನಡೆಯಿತು.

ಆ ಓಣಿಯಲ್ಲಿ ಇನ್ನೊಂದು ರೂಢಿಯಿತ್ತು. ಕೊನೆಯ ಮನೆಯ ಅಕ್ತರಬೀ ಎರಡು ಆಡು ಸಾಕಿದ್ದಳು; ದೊಡ್ಡದರ ಹೆಸರು ಚಾಂದನಿ. ಅವಳ ಆಡಿಗೆಂದು ಎಲ್ಲರೂ ಕಾಯಿಪಲ್ಯದ ಸಿಪ್ಪೆ, ಮೆಂತೆಯ ದಂಟು, ಕೋಸಿನ ಹೊರ ಎಲೆ ಮೊದಲಾದುವನ್ನು ತಮ್ಮ ತಮ್ಮ ಗೇಟಿನ ಕಂಬದ ಮೊಳೆಗೆ ತೂಗುಹಾಕುತ್ತಿದ್ದರು. ಮಧ್ಯಾಹ್ನ ಅವಳು ಬಂದು ಒಯ್ಯುತ್ತಿದ್ದಳು. ಯಾರದ್ದು ಯಾವುದೆಂದು ಕೇಳುವ ಪದ್ಧತಿ ಇರಲಿಲ್ಲ. ಮೊಳೆಗೆ ತೂಗಿದ ಹಸಿರೆಲ್ಲ ಆಡಿನದು.

ಸೋಮವಾರ ಮಧ್ಯಾಹ್ನ ಶಾಲುಬಾಯಿ ವಿಹಾರದ ಮಹಿಳಾ ಮಂಡಳಿಗೆ ಹೋಗಿದ್ದಳು. ಉಜ್ವಲಾ ಒಳಗೆ ಮಲಗಿದ್ದಳು. ಹೊರಗೆ ಆಟೋ ನಿಂತ ಸಪ್ಪಳವಾಯಿತು, ಯಾರೋ "ಬಾಯಾರ, ಇಟ್ಟೇನ್ರೀ!" ಎಂದು ಕೂಗಿ ಹೋದರು. ಅವಳು ಎದ್ದು ಬರುವುದರೊಳಗೆ ಆಟೋ ತಿರುವಿನಲ್ಲಿ ಮರೆಯಾಗಿತ್ತು. ಗೇಟಿನ ಮೊಳೆಗೆ ಒಂದು ಹಸಿರು ಪೆಂಡಿ ತೂಗುತ್ತಿತ್ತು. ಉದ್ದನೆಯ ಎಲೆಗಳಿಂದ ಸುತ್ತಿ, ದಂಟಿನ ತುದಿಗಳು ಹೊರಗೆ ಚಾಚಿ, ನಡುವೆ ಬಟ್ಟೆಯ ಪಟ್ಟಿಯಿಂದ ಬಿಗಿದ ಪೆಂಡಿ. ಯಾರೋ ಪುಣ್ಯಾತ್ಮರು ಆಡಿಗೆ ಒಳ್ಳೆಯ ಮೇವು ಕಳಿಸಿದ್ದಾರೆ ಎಂದುಕೊಂಡು ಅವಳು ನಿಂತಿರುವಾಗಲೇ ಅಕ್ತರಬೀ ಬಂದಳು.

"ತಗೋರಿ ಖಾಲಾ, ಇವತ್ತ ನಿಮ್ಮ ಚಾಂದನಿಗಿ ದಾವತ್," ಎಂದು ಉಜ್ವಲಾ ತನ್ನ ಕೈಯಿಂದಲೇ ಪೆಂಡಿಯನ್ನು ಮೊಳೆಯಿಂದ ತೆಗೆದು ಅವಳ ಕಂಕುಳಿಗೆ ಕೊಟ್ಟಳು.

"ಅಲ್ಲಾ ನಿನ್ನ ಕೂಸಿಗಿ ಚೆಂದ ಇಟ್ಟಿರಲಿ ಬೇಟಿ," ಎಂದು ಹರಸಿ ಅಕ್ತರಬೀ ನಡೆದಳು.

ಬುಧವಾರದ ನಾಲ್ಕು ಗಂಟೆಗೆ ತಾಟಿನಲ್ಲಿ ಅಳ್ಳು ಇತ್ತು. ಶಾಲುಬಾಯಿಯ ಕಣ್ಣು ಮಾತ್ರ ತಾಟಿನ ಮೇಲಿರಲಿಲ್ಲ. ಬಾಗಿಲ ಹೊರಗಿನ ಓಣಿಯ ಮೇಲಿತ್ತು. ಭಾಲ್ಕಿಯ ಬಸ್ಸು ಬಂದು, ನಿಲ್ದಾಣದಿಂದ ಆಟೋಗಳು ಓಣಿಗೆ ಬರುವ ಹೊತ್ತಿಗೆ ಆಕೆ ಹೀಗೆ ಓಣಿಯನ್ನು ನೋಡುತ್ತ ಕೂಡುವುದನ್ನು ಉಜ್ವಲಾ ಒಂದು ವಾರದಿಂದ ಗಮನಿಸಿದ್ದಳು.

"ಯಾರರ ಬರೋರದಾರೇನ್ರಿ ಅತ್ತಿ?"

"ಬರೋರು ಯಾರಿಲ್ಲ. ಬಂದ್ರ ಒಂದು ಪೆಂಡಿ ಬರಬೇಕು," ಎಂದಳು ಶಾಲುಬಾಯಿ. ಆಮೇಲೆ ತಾನಾಗಿಯೇ ಹೇಳತೊಡಗಿದಳು.

ಆಕೆಯ ತವರು ಭಾಲ್ಕಿ ತಾಲೂಕಿನ ಮೆಹಕರ. ತಮ್ಮ ಪಂಢರಿ ಅಲ್ಲಿ ಒಕ್ಕಲುತನ ಮಾಡಿಕೊಂಡಿದ್ದನು. ಅವರ ತಾಯಿ ಸೀತನಿಗೆಂದೇ ತಲೆಯಿಂದ ತಲೆಗೆ ಬಂದ ಒಂದು ಸಿಹಿಜೋಳದ ಬೀಜವನ್ನು ಕಾದುಕೊಂಡು ಬಂದವಳು. ಬೂದಿ ಬೆರೆಸಿ, ಬೇವಿನೆಲೆ ಹಾಕಿ, ಸೋರೆಬುರುಡೆಯಲ್ಲಿ ಮುಚ್ಚಿಡುತ್ತಿದ್ದಳು. ಪ್ರತಿ ಚಳಿಗಾಲದಲ್ಲಿ ಮೊದಲು ಹಾಲ್ದುಂಬಿದ ತೆನೆಗಳ ಒಂದು ಪೆಂಡಿಯನ್ನು ತನ್ನ ಹಳೆಯ ಸೀರೆಯ ಅಂಚು ಹರಿದು ಕಟ್ಟಿ, ಲಗ್ನವಾಗಿ ಹೋದ ಮಗಳಿಗೆ ಕಳಿಸುತ್ತಿದ್ದಳು. ಅದೇ ಕರೆ. ಪತ್ರವಿಲ್ಲ, ಮಾತಿಲ್ಲ, ಪೆಂಡಿ ಮುಟ್ಟಿದ ಎಂಟು ದಿನಗಳೊಳಗೆ ಮಗಳು ಹೊಲಕ್ಕೆ ಹೋಗಬೇಕು, ಕೆಂಡದ ಮುಂದೆ ಕೂತು ತಿನ್ನಬೇಕು. ತಾಯಿ ಹೋದ ಮೇಲೆ ಪಂಢರಿಯೂ ಅದನ್ನು ನಡೆಸಿಕೊಂಡು ಬಂದನು, ಹೋದ ವರ್ಷದವರೆಗೆ.

"ಹೋದ ವರ್ಷ ಪೆಂಡಿ ಬಂತು, ಹೋದೆ. ಒಂದ ಮುಕ್ಕ ಬಾಯಾಗ ಹಾಕ್ಕೊಂಡೆ ನೋಡು, ನಾಲಿಗಿ ಹೇಳ್ತು, ಇದು ಅವ್ವನ ಬೀಜ ಅಲ್ಲ ಅಂತ. ಬೂದಿ ಹಾಕೋದು ಮರ್ತಿದ್ದ. ಬುರಡ್ಯಾಗಿಂದೆಲ್ಲ ಹುಳ ತಿಂದಿತ್ತು. ಮಂದಿ ಹೊಲದ ತೆನಿ ತಂದು ನನಗ ಸುಟ್ಟು ಹಾಕ್ಲಿಕತ್ತಿದ್ದ, ಅಕ್ಕಗ ತಿಳಿಯಂಗಿಲ್ಲ ಅಂತ."

"ಪಾಪ, ನಿಮಗ ಬ್ಯಾಸರ ಆಗಬಾರದಂತ ಮಾಡ್ಯಾರ್ರಿ ಮಾಮಾ."

"ಬೀಜ ಹೋದದ್ದಕ್ಕಲ್ಲ ಉಜ್ಜೂ. ಹೋಗ್ಯಾದ ಅಂತ ಹೇಳಿದ್ರ ಇಬ್ಬರೂ ಕೂಡಿ ಅಳತಿದ್ದೆವು. ನನ್ನ ನಾಲಿಗೀನೇ ಮೋಸ ಮಾಡ್ಲಿಕ್ಕ ನೋಡಿದ." ಶಾಲುಬಾಯಿ ಅಳ್ಳಿನ ತಾಟನ್ನು ಆಚೆ ಸರಿಸಿದಳು. "ನಾನೂ ಸಿಟ್ಟಿನ್ಯಾಗ ಅಂದುಬಿಟ್ಟೆ, ಅವ್ವನ ಬೀಜದ ತೆನಿ ನನ್ನ ಬಾಗಲಿಗಿ ಬರೋ ತನಕ ನಿನ್ನ ಹೊಲಕ್ಕ ಕಾಲಿಡಂಗಿಲ್ಲ ಅಂತ. ಎದ್ದು ಬಂದೆ. ಆ ಬೀಜ ಇನ್ನ ಎಲ್ಲಿದು? ಬಾಯಿಗಿ ಬಂದದ್ದು ಅಂದೆ, ಈಗ ನುಂಗಲಿಕ್ಕ ಬರವಲ್ದು."

"ಒಂದು ಫೋನ್ ಮಾಡ್ರಿ ಅತ್ತಿ."

"ಕೇಳಿ ಕರಿಸ್ಕೊಳ್ಳೋದು ಕರಿ ಅನಸ್ತದೇನು? ಅಂವ ಕರೀಬೇಕು. ಇನ್ನ ನಾಕ್ ದಿನ ನೋಡ್ತೇನಿ. ಆಮ್ಯಾಲ ಕಾಳ ಗಟ್ಟಿ ಆಗ್ತದ. ಅಷ್ಟೊತ್ತಿಗೂ ಬರಲಿಲ್ಲಂದ್ರ ಅಂವಗ ಅಕ್ಕ ಬ್ಯಾಡಾಗ್ಯಾಳ ಅಂತ ತಿಳ್ಕೊಂತೇನಿ, ಮುಗೀತು."

ಗುರುವಾರ ಹತ್ತು ಗಂಟೆಗೆ ಅಕ್ತರಬೀ ಬಂದು, ಸೆರಗಿನಿಂದ ಒಂದು ಬಟ್ಟೆಯ ಪಟ್ಟಿಯನ್ನು ತೆಗೆದು ಉಜ್ವಲಾಳ ಕೈಗಿಟ್ಟಳು. ತೊಳೆದು, ಒಣಗಿಸಿ, ಮಡಿಕೆ ಮಾಡಿದ ಪಟ್ಟಿ.

"ಇದು ನಿನ್ನ ಪೆಂಡಿಗಿ ಕಟ್ಟಿದ್ದು ಬೇಟಿ. ಹಳೇ ರೇಶ್ಮಿ ಅಂಚು, ಬಿಸಾಡ್ಲಿಕ್ಕ ಮನಸಾಗ್ಲಿಲ್ಲ. ಮತ್ತ ಆ ಪೆಂಡಿ ಕಳಿಸಿದೋರಿಗಿ ನನ್ನ ಸಲಾಮ್ ಹೇಳು. ದಿನಾ ಮೇವು ಚೆಲ್ಲಿ ನಖರಾ ಮಾಡೋ ಚಾಂದನಿ, ಅವತ್ತ ತೆನಿ ಬಿಡಲಿಲ್ಲ, ಎಲಿ ಬಿಡಲಿಲ್ಲ, ದಂಟೂ ನೆಕ್ಕಿ ಇಟ್ಟಳು ನೋಡು!"

ತೆನೆಯೆಂಬ ಮಾತು ಕೇಳಿದ ಕೂಡಲೇ ಉಜ್ವಲಾಳಿಗೆ ನಿನ್ನೆ ಅತ್ತೆ ಹೇಳಿದ ಪೆಂಡಿ ನೆನಪಾಯಿತು. ಪಟ್ಟಿಯನ್ನು ಬಿಡಿಸಿ ನೋಡಿದಳು. ಹಸಿರು ನೆಲದ ಮೇಲೆ ಕೆಂಪು ಚೌಕುಳಿಯ ಅಂಚು. ಒಳಗೆ ಹೋಗಿ ಅತ್ತೆಯ ಮಂಚದ ಕೌದಿಯನ್ನು ನೋಡಿದಳು; ಅತ್ತೆಯ ತಾಯಿಯ ಸೀರೆಗಳಿಂದ ಹೊಲಿದ ಆ ಕೌದಿಯ ನಡುವೆ ಅದೇ ಹಸಿರು, ಅದೇ ಕೆಂಪು ಚೌಕುಳಿ ಇತ್ತು. ಕಾಣೆಯಾದ ಬೀಜವನ್ನು ಪಂಢರಿಮಾಮ ಎಲ್ಲಿಂದಲೋ ಹುಡುಕಿ ತಂದಿದ್ದನು, ಬಿತ್ತಿದ್ದನು, ಬೆಳೆಸಿದ್ದನು, ಅಕ್ಕನನ್ನು ಕರೆದಿದ್ದನು. ಆ ಕರೆಯನ್ನು ತಾನು ನಗುನಗುತ್ತ ಆಡಿನ ಬಾಯಿಗೆ ಕೊಟ್ಟಿದ್ದಳು.

ಪಟ್ಟಿಯನ್ನು ತನ್ನ ಪುಸ್ತಕದ ಕಪಾಟಿನಲ್ಲಿ ಅಡಗಿಸಿಟ್ಟು ಅವಳು ಗಂಡನಿಗೆ ಫೋನ್ ಮಾಡಿದಳು. ರತ್ನದೀಪ ಮೊದಲು ನಕ್ಕನು. ಹೆಂಡತಿಯ ದನಿ ಕೇಳಿ ನಗೆ ನಿಲ್ಲಿಸಿದನು.

"ಅಳಬ್ಯಾಡ. ಅವ್ವಗ ಏನೂ ಹೇಳಬ್ಯಾಡ. ನಾ ಮಾಮಾಗ ಫೋನ್ ಮಾಡಿ ಇನ್ನೊಂದ ಪೆಂಡಿ ತರಸ್ತೇನಿ. ಈಗ ಬಂತು ಅಂತ ಹೇಳಿದ್ರಾತು. ಯಾರಿಗಿ ತಿಳಿತದ?"

"ಹಂಗ ಆಗ್ತದೇನ್ರಿ?"

"ಆಗ್ತದ. ಚಾಂದನಿ ಏನ್ ಬಂದು ಸಾಕ್ಷಿ ಹೇಳ್ತದೇನು?"

ಆ ಉಪಾಯ ಅವಳಿಗೆ ಒಂದು ದಿನದ ಮಟ್ಟಿಗೆ ಸಮಾಧಾನ ಕೊಟ್ಟಿತು. ಆದರೆ ಮರುದಿನ ನಾಲ್ಕು ಗಂಟೆಗೆ ಅತ್ತೆ ಸುಟ್ಟ ಹಸಿಕಡಲೆಯ ತಾಟು ತಂದಿಟ್ಟು, ಕಪ್ಪಾದ ಬೆರಳುಗಳಿಂದ ಒಂದೊಂದೇ ಕಾಯಿ ಸುಲಿದು ಸೊಸೆಯ ಮುಂದೆ ಗುಂಪು ಮಾಡುತ್ತ, ನಡುನಡುವೆ ತಲೆಯೆತ್ತಿ ಓಣಿಯನ್ನು ನೋಡತೊಡಗಿದಾಗ ಅವಳಿಗೆ ತಡೆಯಲಾಗಲಿಲ್ಲ. ನಾಲಿಗೆಗೆ ಮಾಡಿದ ಒಂದು ಮೋಸಕ್ಕೆ ಒಂದು ವರ್ಷ ಅಕ್ಕತಮ್ಮಂದಿರು ದೂರವಾಗಿದ್ದರು. ಅದೇ ಮನೆಯಲ್ಲಿ, ಅದೇ ತೆನೆಯ ಹೆಸರಿನಲ್ಲಿ, ಎರಡನೆಯ ಮೋಸವನ್ನು ತಾನು ಸಿದ್ಧಮಾಡಿ ಕೂತಿದ್ದಳು. ಅವಳು ಎದ್ದು ಹೋಗಿ ಪಟ್ಟಿಯನ್ನು ತಂದು ತಾಟಿನ ಪಕ್ಕದಲ್ಲಿಟ್ಟಳು.

"ಅತ್ತಿ, ಪೆಂಡಿ ಸೋಮವಾರನೇ ಬಂದದರಿ. ಮೊಳೀಗಿ ತೂಗಿತ್ತು. ಮೇವು ಅಂತ ತಿಳ್ಕೊಂಡು ನಾನೇ ಅಕ್ತರ ಖಾಲಾಗ ಕೊಟ್ಟೆ. ಆಡು ತಿಂದಾದ."

ಶಾಲುಬಾಯಿ ಕಪ್ಪುಬೆರಳುಗಳನ್ನು ಸೀರೆಗೆ ಒರೆಸಿಕೊಂಡು ಪಟ್ಟಿಯನ್ನು ಎತ್ತಿಕೊಂಡಳು, ಬೆಳಕಿಗೆ ಹಿಡಿದು ನೋಡಿದಳು, ಮೂಗಿಗೆ ಹಿಡಿದಳು. ಅಕ್ತರಬೀಯ ಸಾಬೂನಿನ ವಾಸನೆಯ ಹೊರತು ಅದರಲ್ಲಿ ಏನೂ ಉಳಿದಿರಲಿಲ್ಲ. ಆಕೆ ಎದ್ದು ಒಳಗೆ ಹೋದಳು. ಉಜ್ವಲಾ ಕೂತಲ್ಲೇ ಕೂತಳು. ಒಳಗಿನಿಂದ ಟ್ರಂಕು ತೆರೆದ ಸಪ್ಪಳ, ಏನೋ ಬಿದ್ದ ಸಪ್ಪಳ, ಆಮೇಲೆ ಮೂಗು ಒರೆಸಿಕೊಂಡ ಸಪ್ಪಳ ಕೇಳಿಸಿದವು. ಬಹಳ ಹೊತ್ತಾಯಿತೆಂದು ಅವಳಿಗೆ ಅನಿಸಿತು.

ಶಾಲುಬಾಯಿ ಹೊರಬಂದಾಗ ಕೈಯಲ್ಲಿ ಮಡಿಚಿದ ಶಾಲು ಇತ್ತು.

"ಐದ ದಿನ," ಎಂದಳು. "ನಾ ಇಲ್ಲಿ ಕುಂತು ಬಸ್ಸಿನ ದಾರಿ ನೋಡ್ಲಿಕತ್ತೇನಿ. ಅಂವ ಅಲ್ಲಿ ಕುಂತು ಬಸ್ಸಿನ ದಾರಿ ನೋಡ್ಲಿಕತ್ತಾನ. ಬಸ್ಸ ನೋಡಿದ್ರ ಒಂದೇ." ಶಾಲನ್ನು ಇನ್ನೊಮ್ಮೆ ಮಡಿಚಿದಳು. "ಅಕ್ಕ ಸೊಕ್ಕಿನಾಕಿ, ಬೀಜ ಹುಡಿಕಿ ಕಳಿಸಿದ್ರೂ ಬರಲಿಲ್ಲ ಅಂತ ಅನ್ಕೊಂಡಿರಬೇಕು ನನ್ನ ತಮ್ಮ."

"ನಂದು ತಪ್ಪಾತ್ರಿ ಅತ್ತಿ."

"ತಪ್ಪೇ. ತೆನಿಗೂ ಮೇವಿಗೂ ಫರಕ ತಿಳಿಲಾರದ ಸೊಸಿನ್ನ ತಂದಿದ್ದು ನಂದೂ ತಪ್ಪೇ." ಆಮೇಲೆ ತಡೆಯಲಾರದೆ ಕೇಳಿದಳು: "ಚಾಂದನಿ ಏನಾರ ಬಿಟ್ಟಿತ್ತಂತೇನು?"

"ಒಂದ ಕಾಳೂ ಬಿಟ್ಟಿಲ್ಲಂತ್ರಿ. ದಂಟೂ ನೆಕ್ಕ್ಯಾಳಂತ."

ಶಾಲುಬಾಯಿಯ ಮುಖದಲ್ಲಿ ಮೊದಲು ಒಂದು ಗೆರೆ ಅಲುಗಿತು. ಅನಂತರ ನಗೆ ಬಂತು. ಕಣ್ಣೀರಿನ ಜೊತೆಯಲ್ಲೇ ಬಂದ ನಗೆ. "ಹುಚ್ಚ ಹುಡಿಗಿ, ಕಡಲಿ ತಿನ್ನು. ನಾಳಿ ಮುಂಜಾನಿ ಎಂಟರ ಬಸ್ಸಿಗಿ ಹೋಗೋದದ. ನೀನೂ ಬರಬೇಕು. ನೀ ಹೇಳಿದ್ರೇನೇ ಅಂವಗ ಖರೆ ಅನಸ್ತದ."

ಶನಿವಾರ ಅವರು ಭಾಲ್ಕಿಯಲ್ಲಿ ಬಸ್ಸಿಳಿದಾಗ, ತಾಯಿ ಬಾ ಎಂದಷ್ಟೇ ಫೋನಿನಲ್ಲಿ ಹೇಳಿದ್ದರಿಂದ, ರತ್ನದೀಪ ಔರಾದದಿಂದ ಬಂದು ಅಲ್ಲಿ ಕಾದಿದ್ದನು. ಮಾಮಾ ಫೋನ್ ಎತ್ತಲಿಲ್ಲವೆಂದು ಹೆಂಡತಿಗೆ ಕಣ್ಣಲ್ಲೇ ಹೇಳಲು ಯತ್ನಿಸಿದನು. "ಕಣ್ಣ ಎದಕ ಹೊಡಕೊಂತಿ? ಎಲ್ಲಾ ಹೇಳ್ಯಾಳ ನನಗ," ಎಂದಳು ತಾಯಿ. "ಅವ್ವಗ ಹೇಳಬ್ಯಾಡ ಅಂದೆಲ್ಲ ಮಾಸ್ತರ, ಸಾಲ್ಯಾಗ ಹುಡುಗುರಿಗೂ ಇದೇ ಕಲಸ್ತೀಯೇನು?" ರತ್ನದೀಪ ತಲೆ ಕೆರೆದುಕೊಂಡು ಚೀಲ ಎತ್ತಿಕೊಂಡನು.

ಮೆಹಕರದ ಹೊಲ ಊರಿನಿಂದ ಅರ್ಧ ಮೈಲಿ. ಕಡಲೆಯ ಪಟ್ಟಿಗಳ ನಡುವೆ ಹತ್ತು ಸಾಲು ಜೋಳ ಎತ್ತರವಾಗಿ ನಿಂತಿತ್ತು. ಅದರ ಪಕ್ಕದ ಅಟ್ಟದ ಮೇಲೆ ಪಂಢರಿ ಕವಣೆ ಹಿಡಿದು ಕೂತು ಗಿಳಿಗಳನ್ನು ಓಡಿಸುತ್ತಿದ್ದನು. ಬರುವವರನ್ನು ದೂರದಿಂದಲೇ ಕಂಡಿದ್ದನು. ಕಂಡು, ಬೆನ್ನು ತಿರುಗಿಸಿ ಕೂತನು.

ಶಾಲುಬಾಯಿ ಅಟ್ಟದ ಕೆಳಗೆ ನಿಂತಳು. "ಕೆಳಗ ಇಳಿ."

"ಹಕ್ಕಿ ಕಾಯ್ಲಿಕತ್ತೇನಿ."

"ಕಾಯ್ದದ್ದು ಸಾಕು. ಹಕ್ಕಿಕಿಂತ ಮೊದಲ ಆಡು ತಿಂದಾದ."

ಪಂಢರಿಯ ಬೆನ್ನು ಅಲುಗಿತು. "ಯಾರ ಆಡು?"

ಅತ್ತೆ ಕಣ್ಣು ಸನ್ನೆ ಮಾಡಿದಳು. ಉಜ್ವಲಾ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಗೇಟಿನ ಮೊಳೆ, ಓಣಿಯ ರೂಢಿ, ತಾನು ಪೆಂಡಿಯನ್ನು ಅಕ್ತರಬೀಯ ಕಂಕುಳಿಗೆ ಕೊಟ್ಟದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, "ಅತ್ತಿಗಿ ನಿನ್ನಿ ತನಕ ಏನೂ ಗೊತ್ತಿರಲಿಲ್ಲರಿ ಮಾಮಾ, ನನ್ನ ಬೈಯಿರಿ," ಎಂದಳು.

ಎರಡು ಗಿಳಿಗಳು ಧೈರ್ಯ ಮಾಡಿ ಬಂದು ತೆನೆಯ ಮೇಲೆ ಕೂತವು. ಪಂಢರಿ ಕವಣೆ ಬೀಸಲಿಲ್ಲ.

"ಆಡು ಎಷ್ಟ ತೆನಿ ಬಿಟ್ಟಿತು?" ಎಂದು ಕೇಳಿದನು ಕೊನೆಗೆ.

"ಒಂದೂ ಬಿಡಲಿಲ್ಲರಿ."

"ದಂಟು?"

"ನೆಕ್ಕ್ಯಾದಂತ್ರಿ."

ಪಂಢರಿ ಅಟ್ಟದಿಂದ ಇಳಿದನು. ಅಕ್ಕನ ಮುಖ ನೋಡದೆ, ಅವಳ ಕೈಯಲ್ಲಿದ್ದ ಪಟ್ಟಿಯನ್ನು ನೋಡುತ್ತ ಹೇಳಿದನು: "ಹಂಗಾದ್ರ ಬೀಜ ಅವ್ವಂದೇ ಅಕ್ಕಾ. ದಂಟೂ ಸಿಹಿ ಇರೋದು ಅದೊಂದೇ. ನನಗೂ ಒಂದ ಸಣ್ಣ ಅನುಮಾನ ಇತ್ತು. ಔರಾದ ಬಾಜಾರದಾಗ ನಿಜಾಮೋದ್ದೀನ ಅಂತ ಒಬ್ಬ ಹಿರ್ಯಾ ಸಿಕ್ಕಿದ್ದ. ಅವರ ತಾಯಿಗಿ ನಮ್ಮವ್ವ ಒಂದ ಬೊಗಸಿ ಬೀಜ ಕೊಟ್ಟಿದ್ದಳಂತ, ನಾವಿನ್ನೂ ಸಣ್ಣವರಿದ್ದಾಗ. ಅವರು ಇನ್ನೂ ಇಟ್ಟಾರ. ಒಂದ ಬೊಗಸಿನೇ ತಿರುಗಿ ಕೊಟ್ಟ." ಅವನು ಪಟ್ಟಿಯ ತುದಿಯನ್ನು ಮುಟ್ಟಿ ನೋಡಿದನು. "ನಾ ತಿಂದು ನೋಡಿಲ್ಲ. ನೀ ಹೇಳಿದ ಮ್ಯಾಲೇ ತಿನ್ನಬೇಕಂತ ಇದ್ದೆ."

"ವರ್ಷಗಟ್ಟಲೆ ಉಪಾಸ ಕುಂತಾನ ನೋಡ್ರಿ ಸಾಧು," ಎಂದಳು ಶಾಲುಬಾಯಿ. ಎಂದವಳೇ ತಮ್ಮನ ತಲೆಯ ಮೇಲಿನ ಹೊಟ್ಟನ್ನು ಸೆರಗಿನಿಂದ ಝಾಡಿಸತೊಡಗಿದಳು. ಹೊಟ್ಟು ಹೋದ ಮೇಲೂ ಝಾಡಿಸುತ್ತಲೇ ಇದ್ದಳು.

ಆದರೆ ಆ ವಾರ ಬಿಸಿಲು ಜೋರಾಗಿದ್ದುದರಿಂದ ಸೀತನಿಯ ದಿನ ಲೆಕ್ಕಕ್ಕಿಂತ ಮೊದಲೇ ಮೀರಿತ್ತು. ಪಂಢರಿ ಸಾಲಿನಿಂದ ಸಾಲಿಗೆ ಹೋಗಿ ಉಗುರಿನಿಂದ ಕಾಳು ಒತ್ತಿ ನೋಡಿದನು, ಎಲ್ಲ ಗಟ್ಟಿ. ಅಕ್ಕನ ಮುಖ ಬಾಡಿತು. ಆಗ ಉಜ್ವಲಾ, ತಪ್ಪು ಮಾಡಿದವಳಿಗೆ ಬರುವ ಹುರುಪಿನಿಂದ ತಾನೂ ಸಾಲಿನೊಳಗೆ ಹೊಕ್ಕು, ಬಾವಿಯ ನೀರು ಹೆಚ್ಚು ಹರಿದ ಮೂಲೆಯಲ್ಲಿ, ದೊಡ್ಡ ದಂಟುಗಳ ಬುಡದಿಂದ ತಡವಾಗಿ ಒಡೆದ ಮರಿದಂಟುಗಳನ್ನು ಕಂಡಳು. ಅವುಗಳ ತೆನೆಗಳು ಗೇಣುದ್ದವೂ ಇರಲಿಲ್ಲ. ಈ ಸಲ ಎಲೆ ಸರಿಸಿ ಒಳಗೇನಿದೆಯೆಂದು ನೋಡಿದಳು. ಒಂದು ಕಾಳನ್ನು ಚಿವುಟಿದಳು. ಬೆರಳಿಗೆ ಹಾಲು ಹತ್ತಿತು.

"ಮಾಮಾ! ಇದು ತೆನಿನೋ ಮೇವೋ ನೋಡ್ರಿ!"

"ತೆನಿನೇ ನಮ್ಮವ್ವ, ತೆನಿನೇ!" ಎಂದು ಪಂಢರಿ ನಗುತ್ತ ಬಂದನು.

ಕುಣಿಯಲ್ಲಿ ಕುಳ್ಳಿನ ಕೆಂಡ ಸಿದ್ಧವಾಯಿತು. ಪಂಢರಿ ಮರಿತೆನೆಗಳನ್ನು ಕೆಂಡದ ಮಗ್ಗುಲಿಗೆ ಹೂತು, ಹೊರಳಿಸಿ, ಹಸಿರು ಮಾಸುವ ಮುನ್ನ ಎಳೆದು ಕೊಟ್ಟನು. ಶಾಲುಬಾಯಿ ಅವನ್ನು ಬರಿಯ ಅಂಗೈಗಳ ನಡುವೆ ತಿಕ್ಕಿ, ಉಫ್ ಎಂದು ಬಾಯಿಯಿಂದ ಹೊಟ್ಟು ಊದಿದಳು. ಮುತ್ತಿನಂತಹ ಹಸಿರು ಕಾಳು ಅಂಗೈಯಲ್ಲಿ ಉಳಿದವು. ಹೊಗೆಯ, ಹಾಲಿನ, ಹಸಿಮಣ್ಣಿನ ಕಂಪು ಒಟ್ಟಿಗೆ ಎದ್ದಿತು. ಆಕೆ ಒಂದು ಚಿಟಿಕೆಯನ್ನು ಕಣ್ಣಿಗೊತ್ತಿಕೊಂಡು ನೆಲಕ್ಕಿಟ್ಟಳು, ಒಂದು ಚಿಟಿಕೆಯನ್ನು ಬಾಯಿಗೆ ಹಾಕಿಕೊಂಡಳು. ಎಲ್ಲರೂ ಆ ದವಡೆಯನ್ನೇ ನೋಡುತ್ತ ಕೂತರು. ಪಂಢರಿಯ ಕೈಯಲ್ಲಿ ತೆನೆಯೊಂದು ಹೊಗೆಯಾಡುತ್ತಿದ್ದುದು ಅವನಿಗೆ ತಿಳಿಯಲಿಲ್ಲ.

"ಹ್ಞೂಂ," ಎಂದಳು ಶಾಲುಬಾಯಿ. ತನ್ನ ಅಂಗೈಯಲ್ಲಿ ಉಳಿದುದನ್ನೆಲ್ಲ ತಮ್ಮನ ಅಂಗೈಗೆ ಸುರಿದಳು.

ಉಜ್ವಲಾಳ ಪಾಲು ಬಂದಾಗ ಅವಳು ಅಂಜುತ್ತಲೇ ಬಾಯಿಗಿಟ್ಟಳು. ಕಾಳು ಹಲ್ಲಿಗೆ ಸಿಕ್ಕು ಮೆತ್ತಗೆ ಒಡೆಯಿತು. ಸಕ್ಕರೆಯದೂ ಅಲ್ಲದ, ಬೆಲ್ಲದ್ದೂ ಅಲ್ಲದ ಒಂದು ತಿಳಿಸಿಹಿ ನಾಲಿಗೆಯ ಮೇಲೆ ಹರಡಿತು. ಹೊಟ್ಟೆ ತೊಳಸಲಿಲ್ಲ. ಇನ್ನೊಂದು ಮುಕ್ಕು ತಿಂದಳು, ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ಮತ್ತೊಂದು, ಮೊಸರಿನೊಡನೆ ಮತ್ತೊಂದು. ಅಂಗೈ ಬರಿದಾದಾಗ ಸಂಕೋಚವಿಲ್ಲದೆ ಮುಂದೆ ಚಾಚಿದಳು.

"ಎಣಿಸ್ಲಿಕತ್ತೀರೇನ್ರಿ ಅತ್ತಿ?"

"ಎಣಿಕಿ ತಪ್ಪ್ಯಾದ," ಎಂದಳು ಶಾಲುಬಾಯಿ, ಬಿಸಿ ತೆನೆ ತಿಕ್ಕಿ ತಿಕ್ಕಿ ಕೆಂಪಾದ ಕೈಗಳಿಂದ ಮತ್ತೊಂದು ಹಿಡಿ ಸುರಿಯುತ್ತ. "ಗುಬ್ಬಿ ಮರಿ ಅಲ್ಲ ಬಿಡು. ಇದು ಚಾಂದನಿ ಬಳಗದ್ದು."

ಹೊರಡುವಾಗ ಪಂಢರಿ ಗಟ್ಟಿಯಾದ ತೆನೆಗಳಲ್ಲಿ ಒಳ್ಳೆಯವನ್ನು ಬೀಜಕ್ಕೆಂದು ಆರಿಸಿದನು. ಅರ್ಧ ತನ್ನಲ್ಲಿ, ಅರ್ಧ ಅಕ್ಕನಲ್ಲಿ ಇರಬೇಕೆಂದು ತೀರ್ಮಾನವಾಯಿತು. ಒಂದು ಮನೆಯಲ್ಲಿ ಬೂದಿ ಹಾಕುವುದು ಮರೆತರೂ ಇನ್ನೊಂದು ಮನೆಯಲ್ಲಿ ಉಳಿಯಲಿ. ಶಾಲುಬಾಯಿ ತನ್ನ ಪಾಲನ್ನು ತಾಯಿಯ ಸೀರೆಯ ಅಂಚಿನಿಂದಲೇ ಕಟ್ಟಿದಳು. ಆಮೇಲೆ ಉಳಿದಿದ್ದ ನಾಲ್ಕು ಹಾಲ್ದೆನೆಗಳನ್ನೂ ಒಂದು ಹೊರೆ ಹಸಿದಂಟನ್ನೂ ಬೇರೆಯಾಗಿ ಕಟ್ಟಿಸಿಕೊಂಡಳು. ತೆನೆ ಅಕ್ತರಬೀಗೆ, ದಂಟು ಚಾಂದನಿಗೆ.

ಮರುದಿನ ಮುಂಜಾನೆ ರತ್ನದೀಪ ಗೇಟಿನ ಕಂಬಕ್ಕೆ ಎರಡನೆಯ ಮೊಳೆ ಹೊಡೆದನು. ಯಾವುದು ಆಡಿನದು, ಯಾವುದು ಮನೆಯದು ಎಂದು ಗುರುತಿಗೆ ಏನಾದರೂ ಬರೆಯಲೇ ಎಂದು ಅವನು ಕೇಳಿದಾಗ, ಅಂಗಳದಲ್ಲಿ ಕೂತು ಬಾರಿಹಣ್ಣು ತಿನ್ನುತ್ತಿದ್ದ ಉಜ್ವಲಾ, "ಬರಿಯೋದು ಬ್ಯಾಡರಿ," ಎಂದಳು, "ಇನ್ನ ಮ್ಯಾಲ ಬಿಚ್ಚಿ ನೋಡಿನೇ ಕೊಡ್ತೇನಿ."